ಸಮುದ್ರದ ಊರಲ್ಲಿ ಮಧ್ಯಾಹ್ನ ಎಲ್ಲಿ ಕೂರಬೇಕು?

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತು ಅಂದರೆ ಪೇಪರ್‌ನಲ್ಲಿ ಬೀಚ್ ಅಭಿವೃದ್ಧಿಯ ಮಾತು ಜಾಸ್ತಿ ಆಗುತ್ತದೆ. ಜೆಟ್ ಸ್ಕೀ, ಪ್ಯಾರಾಸೇಲಿಂಗ್, ತೇಲುವ ಸೇತುವೆ, ಸೆಲ್ಫಿ ಪಾಯಿಂಟ್. ಇರಲಿ, ಬೇಡ ಅನ್ನುವವಳು ನಾನಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕೂವರೆ ತನಕ, ಸಮುದ್ರ ನೋಡೋಕೆ ಅಂತ ಬಂದ ಸಂಸಾರ ಎಲ್ಲಿ ಕೂರಬೇಕು?

ನಾವು ದಾವಣಗೆರೆಯವರು. ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಮದುವೆ ಸೀಸನ್ ನಡುವೆ ಹೇಗೋ ಬಿಡುವು ಮಾಡಿಕೊಂಡು ವರ್ಷಕ್ಕೊಮ್ಮೆ ಸಮುದ್ರದ ಕಡೆ ಹೋಗಿಬರುವುದು ನಮ್ಮ ಮನೆಯ ರೂಢಿ. ಬಯಲುಸೀಮೆಯವರಿಗೆ ಸಮುದ್ರದ ಹುಚ್ಚು ಸ್ವಲ್ಪ ಜಾಸ್ತಿ, ಅಲ್ವಾ? ಹೊರಡುವಾಗ ಮಂಡಿನೋವಿನ ಅತ್ತೆ, ಮೂರನೇ ಕ್ಲಾಸಿನ ಮಗ, ಫೋನಿನಲ್ಲಿ ಮ್ಯಾಪ್ ಹಿಡಿದುಕೊಂಡು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವ ಗಂಡ, ಇಷ್ಟು ಜನ.

ಸಮುದ್ರದ ಊರಿನ ಲೆಕ್ಕ ಹೋದವರಿಗೆಲ್ಲ ಗೊತ್ತು. ಬೆಳಗಿನ ಹೊತ್ತು ಮರಳು ತಣ್ಣಗಿರುತ್ತದೆ, ಗಾಳಿ ಹಿತ. ಸಂಜೆ ಮತ್ತೆ ಹಿತ. ನಡುವೆ ಮಾತ್ರ ಮರಳು ಕಾದು ಕಾಲಿಡೋಕೆ ಆಗುವುದಿಲ್ಲ, ಬೆವರು ಆರುವುದಿಲ್ಲ. ರೂಮಿನಲ್ಲಿ ಮಲಗೋಣ ಅಂದರೆ ಕೊನೇ ದಿನ ಹನ್ನೊಂದಕ್ಕೋ ಹನ್ನೆರಡಕ್ಕೋ ರೂಮು ಖಾಲಿ ಮಾಡಬೇಕು. ಬಸ್ಸು ಇರುವುದು ರಾತ್ರಿ. ಬ್ಯಾಗ್‌ಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟಿರಲಿ ಅಂತ ಕೇಳಿಕೊಳ್ಳಬಹುದು. ಅತ್ತೆಯನ್ನೂ ಮಗನನ್ನೂ ಇಡೋಕೆ ಆಗುತ್ತಾ? ಹೋಟೆಲಿನಲ್ಲಿ ಎಷ್ಟು ಹೊತ್ತು ಅಂತ ಕೂರುವುದು? ಊಟ ಮುಗಿದ ಮೇಲೆ ಇನ್ನೊಂದು ಕಾಫಿ ಹೇಳಿದರೂ ಮಾಣಿ ಟೇಬಲ್ ಒರೆಸುತ್ತ ಮುಖ ನೋಡುತ್ತಾನೆ.

ಈ ಹೊತ್ತಿಗೆ ಬೇಕಾದದ್ದು ಒಂದು ತೋಟ. ಫ್ಲವರ್ ಶೋ ಮಾಡುವಂಥದ್ದಲ್ಲ. ನಾಲ್ಕು ದೊಡ್ಡ ಮರ, ಬೆನ್ನು ಒರಗಿಸಲು ಬೆಂಚು, ಕುಡಿಯಲು ನೀರು, ಬಾಗಿಲು ತೆರೆದಿರುವ ಶೌಚಾಲಯ. ಇಷ್ಟು ಇದ್ದರೆ ಪ್ರವಾಸ ಉಳಿಯಿತು.

ಇದು ನನಗೆ ಸರಿಯಾಗಿ ಅರ್ಥವಾದದ್ದು ಪುದುಚೇರಿಯಲ್ಲಿ. ಅಲ್ಲಿನ ಬೀಚ್ ರಸ್ತೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಸಂಜೆ ಆರಕ್ಕೆ ವಾಹನ ನಿಲ್ಲಿಸಿಬಿಡುತ್ತಾರೆ, ಬೆಳಿಗ್ಗೆ ಏಳೂವರೆ ತನಕ ಆ ರಸ್ತೆ ನಡೆಯುವವರದ್ದು. ಊರ ನಡುವಿನ ಆ ದಂಡೆಯಲ್ಲಿ ಮರಳಿಗಿಂತ ಕರಿಗಲ್ಲೇ ಜಾಸ್ತಿ, ಆದರೂ ಕೂತು ಅಲೆ ನೋಡೋಕೆ ಚೆನ್ನ. ನಾನು ಹೇಳಬೇಕಾದದ್ದು ಅಲ್ಲಿಂದ ಐದು ನಿಮಿಷ ಒಳಗೆ ನಡೆದರೆ ಸಿಗುವ ಭಾರತಿ ಪಾರ್ಕ್ ಬಗ್ಗೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಬ್ರಿಟಿಷರ ಕಣ್ಣು ತಪ್ಪಿಸಿ 1908ರಿಂದ 1918ರವರೆಗೆ ಫ್ರೆಂಚರ ಆ ಊರಿನಲ್ಲಿದ್ದರು. ಪಾರ್ಕಿಗೆ ಅವರದೇ ಹೆಸರು. ಸುತ್ತ ಉಪರಾಜ್ಯಪಾಲರ ನಿವಾಸ, ವಿಧಾನಸಭೆ, ಸರ್ಕಾರಿ ಕಟ್ಟಡಗಳು. ನಮ್ಮ ಕಡೆ ಇಂಥ ಜಾಗದ ಹತ್ತಿರ ಹೋದರೆ ಪೊಲೀಸರು ಮೊದಲು ಚೀಲ ನೋಡುತ್ತಾರೆ. ಅಲ್ಲಿ ನಡುಮಧ್ಯಾಹ್ನ ಗೇಟು ತೆರೆದಿತ್ತು. ಯಾರೂ ಏನೂ ಕೇಳಲಿಲ್ಲ.

ಒಳಗೆ ಹೋದ ಕೂಡಲೇ ಅತ್ತೆ ಒಂದು ಬೆಂಚು ಹಿಡಿದರು. ಚಪ್ಪಲಿ ಬಿಟ್ಟರು, ಕಾಲು ಮೇಲೆ ಹಾಕಿದರು, ಸೆರಗು ಮುಖಕ್ಕೆ ಎಳೆದುಕೊಂಡು ಹತ್ತು ನಿಮಿಷದಲ್ಲಿ ಗೊರಕೆ. ಪಕ್ಕದ ಬೆಂಚಿನಲ್ಲಿ ಆಫೀಸಿನವರಿಬ್ಬರು ಟಿಫನ್ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದರು. ಆಚೆ ಕಾಲೇಜು ಹುಡುಗಿಯರು ನೋಟ್ಸ್ ಹರಡಿಕೊಂಡು ಓದುತ್ತಿದ್ದರು. ನಮ್ಮ ಹಾಗೆ ರೂಮು ಖಾಲಿ ಮಾಡಿದ ಇನ್ನೊಂದು ಸಂಸಾರವೂ ಇತ್ತು, ಸೂಟ್‌ಕೇಸ್ ಸಮೇತ. ಊರಿನವರೂ ಹೊರಗಿನವರೂ ಒಂದೇ ನೆರಳಿನಲ್ಲಿ ಕೂತಿದ್ದು ನನಗೆ ತುಂಬಾ ಹಿಡಿಸಿತು. ಪ್ರವಾಸಿಗರಿಗೆ ಅಂತಲೇ ಮಾಡಿದ ಜಾಗದಲ್ಲಿ ಊರಿನವರು ಕಾಣುವುದೇ ಇಲ್ಲ, ಗಮನಿಸಿದ್ದೀರಾ?

ಗುಡಿಸುತ್ತಿದ್ದ ಅಮ್ಮ ಒಬ್ಬರು ಮಗನನ್ನು ಕರೆದು, ಒಂದು ಹೂವರಸಿ ಎಲೆ ಕಿತ್ತು, ತುದಿಯಿಂದ ಸುರುಳಿ ಸುತ್ತಿ, ಒಂದು ಬದಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಊದಿ ತೋರಿಸಿದರು. ಪೀಂ ಅಂತ ಸದ್ದು. ಅವರಿಗೆ ಕನ್ನಡ ಬಾರದು, ನನಗೆ ತಮಿಳು ಸುಮಾರು, ಮಗನಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಎಲೆ ಹರಿದಂತೆಲ್ಲ ಇನ್ನೊಂದು ಸುತ್ತಿದ. ಅಜ್ಜಿಗೆ ಎಚ್ಚರವಾಗಿ ಬೈಯುವ ತನಕ ನಡೆಯಿತು. ಆ ಮರದ ಹೂವು ಬೆಳಿಗ್ಗೆ ಹಳದಿ, ಸಂಜೆಗೆ ಬಾಡುತ್ತ ಕೆಂಪಗೆ ತಿರುಗುತ್ತದೆ. ಒಂದೇ ಮರದಲ್ಲಿ ಎರಡೂ ಬಣ್ಣ. ದಿನಾ ಬ್ಲೌಸ್ ಪೀಸಿಗೆ ಬಣ್ಣ ಹೊಂದಿಸುವ ನನಗೆ ಅದನ್ನು ನೋಡಿಯೇ ಅರ್ಧ ಗಂಟೆ ಹೋಯಿತು.

ಪಾರ್ಕಿನ ನಡುವೆ ಬಿಳಿ ಕಮಾನುಗಳ ಒಂದು ಮಂಟಪ ಇದೆ. ಆಯಿ ಮಂಟಪ ಅಂತ ಹೆಸರು. ಇವತ್ತು ಪುದುಚೇರಿ ಸರ್ಕಾರದ ಲಾಂಛನವೇ ಅದು. ಕನ್ನಡಿಗರು ಆ ಕಥೆ ಕೇಳಲೇಬೇಕು, ಯಾಕಂದರೆ ಅದರಲ್ಲಿ ನಮ್ಮ ಕೃಷ್ಣದೇವರಾಯ ಬರುತ್ತಾನೆ. ಅಲ್ಲಿಯವರು ಹೇಳುವ ಪ್ರಕಾರ ರಾಯರ ಸವಾರಿ ಆ ಕಡೆ ಬಂದಾಗ ದೀಪಗಳಿಂದ ಬೆಳಗುತ್ತಿದ್ದ ಒಂದು ಚಂದದ ಕಟ್ಟಡ ಕಂಡಿತಂತೆ. ದೇವಸ್ಥಾನ ಅಂದುಕೊಂಡು ಕೈ ಮುಗಿದರಂತೆ. ಆಮೇಲೆ ಗೊತ್ತಾಯಿತು, ಅದು ಆಯಿ ಎಂಬ ದೇವದಾಸಿಯ ಮನೆ ಅಂತ. ರಾಯರಿಗೆ ಸಿಟ್ಟು ಬಂತು, ಕೆಡವಿ ಅಂದರು. ಆಯಿ ಬೇಡಿಕೊಂಡಳಂತೆ: ಮನೆ ನಾನೇ ಕೆಡವುತ್ತೇನೆ, ಆ ಜಾಗದಲ್ಲಿ ಜನರಿಗೆ ಒಂದು ಕೆರೆ ತೋಡಿಸುತ್ತೇನೆ, ಅಷ್ಟಕ್ಕೆ ಅವಕಾಶ ಕೊಡಿ. ಹಾಗೇ ಮಾಡಿದಳು. ಮುಂದೆ ಸುಮಾರು ಮುನ್ನೂರು ವರ್ಷ ಆದ ಮೇಲೆ, ಫ್ರೆಂಚರ ಕಾಲದಲ್ಲಿ, ಸಮುದ್ರದ ಪಕ್ಕದ ಆ ಊರಿಗೆ ಸಿಹಿನೀರಿನ ಬರ ಬಂದಾಗ ಆಯಿಯ ಆ ಕೆರೆ ಇದ್ದ ಮುತ್ತಿರೈಯರ್‌ಪಾಳ್ಯದ ಕಡೆಯಿಂದ ಕಾಲುವೆ ಮಾಡಿ ನೀರು ತಂದರು. ಕಥೆ ಕೇಳಿದ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್, ಆ ಹೆಂಗಸಿನ ಹೆಸರಲ್ಲಿ ಮಂಟಪ ಕಟ್ಟಿ ಅಂದನಂತೆ.

ನಾನು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಮಂಟಪವನ್ನೇ ಸ್ವಲ್ಪ ಹೊತ್ತು ನೋಡಿ, “ಮನೆ ಕೆಡವಿಸಿದವರಿಗೆ ಇಲ್ಲಿ ಮಂಟಪ ಇಲ್ಲ ನೋಡು, ಕೆರೆ ತೋಡಿಸಿದವಳಿಗೆ ಇದೆ” ಅಂದರು. ರಾಯರ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬಾರದು. ಮಾತು ಅತ್ತೆಯದು, ನನ್ನದಲ್ಲ.

ಸಮುದ್ರದ ಊರಿನಲ್ಲಿ ತೋಟ ಮತ್ತು ಸಿಹಿನೀರು ಯಾವಾಗಲೂ ಜೊತೆಗೇ ಬರುತ್ತವೆ ಅನ್ನುವುದನ್ನೂ ನಾನು ಅಲ್ಲೇ ಯೋಚಿಸಿದೆ. ಮುಂಬೈಯಲ್ಲೂ ಹೀಗೇ. ನನ್ನ ನಾದಿನಿ ಇರುವುದು ಡೊಂಬಿವಲಿಯಲ್ಲಿ, ಹೋದಾಗಲೆಲ್ಲ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್‌ಗೆ ಕರೆದುಕೊಂಡು ಹೋಗುತ್ತಾರೆ. ಹೆಸರು ಕೇಳಿ ತೋಟ ಎಲ್ಲೋ ನೇತಾಡುತ್ತಿರುತ್ತದೆ ಅಂತ ಮಗ ಕಾದಿದ್ದ. 1880ರ ಸುಮಾರಿಗೆ ಊರಿಗೆ ಕುಡಿಯುವ ನೀರು ಕೂಡಿಡುವ ದೊಡ್ಡ ತೊಟ್ಟಿಯ ಮೇಲೆ ಮಣ್ಣು ಹಾಕಿ ಮಾಡಿದ ತೋಟ ಅದು. ನಾವು ಹುಲ್ಲಿನ ಮೇಲೆ ಕೂತಿರುತ್ತೇವೆ, ಕೆಳಗೆ ಮುಂಬೈಯ ನೀರು. ಎದುರಿನ ಕಮಲಾ ನೆಹರು ಪಾರ್ಕಿನಿಂದ ಚೌಪಾಟಿ ಮತ್ತು ಮರೀನ್ ಡ್ರೈವ್ ಒಂದೇ ನೋಟಕ್ಕೆ ಸಿಗುತ್ತದೆ. ಸಮುದ್ರ ನೋಡಲು ಮರಳಿಗೇ ಇಳಿಯಬೇಕು ಅಂತ ಯಾರು ಹೇಳಿದರು?

ಪುದುಚೇರಿಯಲ್ಲಿ ಇನ್ನೊಂದು ತೋಟ ಇದೆ, ಬೊಟಾನಿಕಲ್ ಗಾರ್ಡನ್. 1826ರಲ್ಲಿ ಫ್ರೆಂಚರು ಶುರು ಮಾಡಿದ್ದು. ಈ ನೆಲಕ್ಕೆ ಯಾವ ಗಿಡ ಒಗ್ಗುತ್ತದೆ ಅಂತ ನೆಟ್ಟು ನೋಡುವ ಜಾಗ ಅದು. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ಪೆರೋತೆ ಎಂಬ ಸಸ್ಯಶಾಸ್ತ್ರಜ್ಞರು ಅಲ್ಲಿ ತುಂಬಾ ಕೆಲಸ ಮಾಡಿದರು. ನೀಲಗಿರಿಯ ಗಿಡಗಳನ್ನು ಹುಡುಕಿ ತಿರುಗಿದವರು, ಕೊನೆಗೆ 1870ರಲ್ಲಿ ಪುದುಚೇರಿಯಲ್ಲೇ ತೀರಿಕೊಂಡರು. ಅಲ್ಲಿ ಒಳ್ಳೇ ನಾಗಲಿಂಗದ ಮರ ನೋಡಿದೆವು. ಆ ಹೂವು ರೆಂಬೆಯಲ್ಲಿ ಬಿಡುವುದಿಲ್ಲ, ಬುಡದ ಹತ್ತಿರ ಕಾಂಡದಿಂದಲೇ ಕಡ್ಡಿ ಚಾಚಿ ಬಿಡುತ್ತದೆ. ದಪ್ಪ ದಪ್ಪ ಗುಲಾಬಿ ಎಸಳು, ಒಳಗೆ ಹೆಡೆ, ಹೆಡೆಯ ಕೆಳಗೆ ಲಿಂಗ. ಅತ್ತೆ ಬಿದ್ದ ಹೂವೊಂದನ್ನು ಆರಿಸಿ ಕಣ್ಣಿಗೊತ್ತಿಕೊಂಡರು. ಈ ಮರ ಬಂದದ್ದು ದಕ್ಷಿಣ ಅಮೆರಿಕದಿಂದ ಅಂದರೆ ಅವರು ನಂಬಲಿಲ್ಲ. ಶಿವನ ಮರ ಅಮೆರಿಕದಿಂದ ಯಾಕೆ ಬರುತ್ತದೆ ಅಂತ ಕೇಳಿದರು. ಪುದುಚೇರಿಯ ಅಧಿಕೃತ ಹೂವು ಕೂಡ ಇದೇ ನಾಗಲಿಂಗ.

ಈಗ ನಮ್ಮ ಕಡೆಗೆ ಬರುತ್ತೇನೆ. ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಮಂಗಳೂರಿನ ಕದ್ರಿ ಪಾರ್ಕ್ ಇದೆ, ಮಕ್ಕಳ ಪುಟಾಣಿ ರೈಲು, ಹತ್ತಿರದಲ್ಲೇ ಮಂಜುನಾಥನ ದೇವಸ್ಥಾನ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ, ಅಲ್ಲಿ ಬೀಚಿನ ಹತ್ತಿರವೇ ಅರಣ್ಯ ಇಲಾಖೆಯ ಟ್ರೀ ಪಾರ್ಕ್. ನೆರಳು, ಅದರಾಚೆ ಸಮುದ್ರ. ನನ್ನ ಪ್ರಕಾರ ಕರಾವಳಿಯ ಎಲ್ಲ ಊರುಗಳೂ ಹೋಗಿ ನೋಡಿಬರಬೇಕಾದ ಜಾಗ ಅದು. ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿತು. ಶುಚಿ, ಶೌಚಾಲಯ, ಸುರಕ್ಷತೆ ಎಲ್ಲವನ್ನೂ ನೋಡಿ ಕೊಡುವ ಮನ್ನಣೆ ಅದು. ಅಂದರೆ ಮನಸ್ಸು ಮಾಡಿದರೆ ನಮ್ಮವರಿಗೆ ಬರುತ್ತದೆ.

ಬೇಜಾರಾಗಿದ್ದು ನಮ್ಮ ಕರಾವಳಿಯ ಇನ್ನೊಂದು ಊರಿನಲ್ಲಿ. ಹೆಸರು ಬೇಡ. ಬರೆದರೆ ಆ ಊರಿನವರಿಗೆ ಮಾತ್ರ ಬೈದ ಹಾಗಾಗುತ್ತದೆ, ಪರಿಸ್ಥಿತಿ ಒಂದೇ ಊರಿನದ್ದಲ್ಲ. ಅವತ್ತೂ ನಾವು ರೂಮು ಖಾಲಿ ಮಾಡಿದ್ದೆವು. ಬೀಚಿಗೆ ಹೋಗುವ ದಾರಿಯಲ್ಲೇ ಪಾರ್ಕ್, ಹೊಸದಾಗಿ ಬಣ್ಣ ಹೊಡೆದ ಕಮಾನು. ಗೇಟಿಗೆ ಬೀಗ. ಬೆಳಿಗ್ಗೆ ಹತ್ತಕ್ಕೆ ಹಾಕಿದರೆ ಸಂಜೆ ನಾಲ್ಕಕ್ಕೆ ತೆಗೆಯುವುದಂತೆ. ಕಂಬಿಯಿಂದ ಇಣುಕಿ ನೋಡಿದೆ. ಸಿಮೆಂಟಿನ ಡಾಲ್ಫಿನ್ ಎರಡು, ನೀರಿಲ್ಲದ ಕಾರಂಜಿ ಒಂದು, ‘ಹುಲ್ಲಿನ ಮೇಲೆ ನಡೆಯಬೇಡಿ’ ಬೋರ್ಡು, ಆ ಬೋರ್ಡಿನ ಕೆಳಗೆ ಒಣಗಿದ ಹುಲ್ಲು. ಸಾಲಾಗಿ ನೆಟ್ಟ ಅಲಂಕಾರದ ತಾಳೆಗಿಡಗಳು, ಒಂದೊಂದರ ನೆರಳೂ ಛತ್ರಿಯಷ್ಟು. ಸ್ಟೀಲ್ ಬೆಂಚುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದರ ಮೇಲೆ ಕೂತರೆ ಸೀರೆಗೆ ಇಸ್ತ್ರಿ ಬೇರೆ ಮಾಡಿಸಬೇಕಿರಲಿಲ್ಲ.

ಕಾವಲಿನವರು ಒಳ್ಳೆಯವರೇ. ಕೇಳಿದ್ದಕ್ಕೆ ಹೇಳಿದರು, “ಹಗಲು ತೆಗೆದಿಟ್ಟರೆ ಜೋಡಿಗಳು ಬಂದು ಕೂರ್ತಾರೆ ಅಮ್ಮಾ, ಕುಡಿದವರು ಬಂದು ಮಲಗ್ತಾರೆ, ಆಮೇಲೆ ಕಂಪ್ಲೇಂಟು.” ಅಲ್ಲ, ಜೋಡಿಗಳು ಕೂತರೆ ಯಾರ ಗಂಟು ಹೋಯಿತು? ಕುಡಿದವರನ್ನು ಹೊರಗಿಡುವುದಕ್ಕೇ ಅಲ್ವಾ ಕಾವಲಿನವರನ್ನು ಇಟ್ಟಿರುವುದು? ನಾಲ್ಕು ಜನ ಕೆಡಿಸುತ್ತಾರೆ ಅಂತ ನಾಲ್ಕುನೂರು ಜನರಿಗೆ ಬೀಗ ಹಾಕುವುದು ಯಾವ ನ್ಯಾಯ? ಜೊತೆಗೆ ಇನ್ನೊಂದು ವಿಷಯ. ಹೆಂಗಸರು, ಮಕ್ಕಳು, ವಯಸ್ಸಾದವರು ಹಗಲೆಲ್ಲ ಬಂದು ಕೂರುವ ಪಾರ್ಕಿನಲ್ಲಿ ಕುಡಿದವರಿಗೆ ಅಷ್ಟು ಧೈರ್ಯ ಬರುವುದೂ ಇಲ್ಲ. ಖಾಲಿ ಜಾಗವೇ ಅವರಿಗೆ ಬೇಕಾದ್ದು.

ಕೊನೆಗೆ ಅತ್ತೆ ಕೂತದ್ದು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ. ಪಕ್ಕದ ಜೆರಾಕ್ಸ್ ಅಂಗಡಿಯವರು ನೋಡಲಾರದೆ ಒಂದು ಕುರ್ಚಿ ತಂದು ಹಾಕಿದರು. ಶೌಚಾಲಯಕ್ಕೆ ಮಾತ್ರ ಬಸ್ ಸ್ಟ್ಯಾಂಡ್ ತನಕ ಆಟೋ. ಮಂಡಿನೋವಿನವರನ್ನು ಹತ್ತಿಸಿ ಇಳಿಸಿ ವಾಪಸ್ ಕರೆತರುವಷ್ಟರಲ್ಲಿ ನನಗೇ ಮಂಡಿನೋವು. ಆಮೇಲೆ ಸಂಜೆಯ ಸಮುದ್ರ ಎಷ್ಟು ಚೆನ್ನಾಗಿದ್ದರೇನು, ನೋಡುವ ಶಕ್ತಿ ಬೇಕಲ್ಲ.

ಇದೇನು ದೊಡ್ಡ ಬಜೆಟ್ಟಿನ ಬೇಡಿಕೆ ಅಲ್ಲ. ಬೀಗ ತೆಗೆಯುವುದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ. ಬೆಂಗಳೂರಿನಲ್ಲೂ ಮೊದಲು ಪಾಲಿಕೆಯ ಪಾರ್ಕ್‌ಗಳನ್ನು ನಡುಹಗಲು ಮುಚ್ಚುತ್ತಿದ್ದರು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಅಂತ ಆದೇಶ ಬಂತು. ರಾಜಧಾನಿಗೆ ಸಲ್ಲುವುದು ಕರಾವಳಿಯ ಪುರಸಭೆಗಳಿಗೆ ಯಾಕೆ ಸಲ್ಲಬಾರದು? ಬೆಂಗಳೂರಿನ ಬಿಸಿಲಿಗಿಂತ ಅಲ್ಲಿನ ಬಿಸಿಲು ಜಾಸ್ತಿಯೇ ಇದೆ.

ಎರಡನೇ ಮಾತು ಗಿಡಗಳ ಬಗ್ಗೆ. ಸಮುದ್ರದ ಪಕ್ಕ ಹುಲ್ಲುಹಾಸು ಬೆಳೆಸುವುದು ದುಡ್ಡು ದಂಡ. ಮರಳುನೆಲ ನೀರು ಹಿಡಿಯುವುದಿಲ್ಲ, ಉಪ್ಪುಗಾಳಿಗೆ ಎಲೆಯ ತುದಿ ಸುಡುತ್ತದೆ, ದಿನಾ ನೀರು ಕುಡಿಸಿದರೂ ಬೇಸಿಗೆಗೆ ಕಂದು. ಬೆಟ್ಟದ ಊರಿನ ಪಾರ್ಕಿನ ಫೋಟೋ ನೋಡಿ ಸಮುದ್ರದ ಊರಲ್ಲಿ ಪಾರ್ಕ್ ಮಾಡಿದರೆ ಹೀಗೇ ಆಗುವುದು. ಕಡಲ ತೀರಕ್ಕೆ ಅಂತಲೇ ಹುಟ್ಟಿದ ಮರಗಳು ನಮ್ಮಲ್ಲೇ ಇವೆ. ಹೂವರಸಿ ಹೇಳಿದೆನಲ್ಲ, ಅದು ಉಪ್ಪಿಗೆ ಜಗ್ಗುವುದಿಲ್ಲ. ಸುರಹೊನ್ನೆ ಇದೆ. ದಪ್ಪನೆಯ ಹೊಳೆಯುವ ಎಲೆ, ಬಿಳಿ ಹೂವು, ಒಳ್ಳೇ ಪರಿಮಳ, ಕೆಳಗೆ ಕಪ್ಪಗೆ ತಂಪು ನೆರಳು. ಅದರ ಬೀಜದ ಎಣ್ಣೆಯಲ್ಲಿ ಹಿಂದೆ ಕರಾವಳಿಯವರು ದೀಪ ಹಚ್ಚುತ್ತಿದ್ದರು, ದೋಣಿಗೂ ಬಳಿಯುತ್ತಿದ್ದರು. ಹೊಂಗೆ ಇದೆ, ಕಾಡು ಬಾದಾಮಿ ಇದೆ. ಬಾದಾಮಿಯಂತೂ ರೆಂಬೆಗಳನ್ನು ಅಡ್ಡಡ್ಡ ಚಾಚಿ ಬೆಳೆಯುತ್ತದೆ, ಒಂದು ಮರದ ಕೆಳಗೆ ಒಂದು ಮದುವೆ ದಿಬ್ಬಣ ಕೂರಬಹುದು. ಕಾರವಾರದ ಕಡೆ ಬ್ರಿಟಿಷರ ಕಾಲದಲ್ಲೇ ನೆಟ್ಟ ಗಾಳಿಮರ ಕೂಡ ಈಗ ಕರಾವಳಿಯದ್ದೇ ಆಗಿದೆ. ಅದರ ನೆರಳು ತೆಳು, ಆದರೆ ಕೆಳಗೆ ಉದುರಿದ ಸೂಜಿಯೆಲೆಯ ಮೇಲೆ ಬರಿಗಾಲಲ್ಲಿ ನಡೆದರೆ ಮೆತ್ತಗಿರುತ್ತದೆ. ಇವಕ್ಕೆಲ್ಲ ಮೊದಲ ಎರಡು ಮೂರು ಬೇಸಿಗೆ ನೀರು ಹಾಕಿ, ದನ ಮೇಯದ ಹಾಗೆ ನೋಡಿಕೊಂಡರೆ ಸಾಕು. ತೋಟಗಾರಿಕೆ ಇಲಾಖೆಯವರಿಗೆ ಇದನ್ನು ಹೊಲಿಗೆಯವಳು ಹೇಳಿಕೊಡಬೇಕಾಗಿಲ್ಲ, ಅವರಿಗೇ ಗೊತ್ತು. ಆದರೂ ಡಾಲ್ಫಿನ್ ಯಾಕೆ ಬರುತ್ತದೋ.

ಅರಣ್ಯ ಇಲಾಖೆ ಸಾಲುಮರದ ತಿಮ್ಮಕ್ಕನವರ ಹೆಸರಲ್ಲಿ ಊರೂರಲ್ಲಿ ವೃಕ್ಷೋದ್ಯಾನ ಮಾಡುತ್ತಿದೆ. ಒಳ್ಳೇ ಕೆಲಸ. ಮಕ್ಕಳಿಲ್ಲದ ಕೊರಗಿನಲ್ಲಿ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಗೆ ಆಲದ ಮರ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ತಾಯಿ ಅವರು. ದಾರಿಹೋಕರಿಗೆ ನೆರಳಾಗಲಿ ಅನ್ನುವುದೇ ಆ ಸಾಲುಮರದ ಉದ್ದೇಶ. ಕಡಲ ತೀರದಲ್ಲೂ ಅಂಥದ್ದು ಇನ್ನಷ್ಟು ಬರಲಿ, ಆದರೆ ಊರಾಚೆ ಗುಡ್ಡದ ಮೇಲೆ ಬೇಡ. ಬೀಚಿನಿಂದ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಕಾರಿದ್ದವರು ಎಸಿ ಹಾಕಿಕೊಂಡು ಮಲಗುತ್ತಾರೆ. ನೆರಳು ಬೇಕಾದ್ದು ಬಸ್ಸಿನಲ್ಲಿ ಬಂದವರಿಗೆ.

ಪ್ರವೇಶಕ್ಕೆ ತಲೆಗೆ ಇಪ್ಪತ್ತು ರೂಪಾಯಿ ಇಡಲಿ, ಕೊಡುತ್ತೇವೆ. ಅಲ್ಲೇ ಒಂದು ಮೂಲೆಯಲ್ಲಿ ಮಹಿಳಾ ಸಂಘದವರು ಮಜ್ಜಿಗೆ, ಎಳನೀರು ಮಾರಲಿ, ಅದನ್ನೂ ಕೊಳ್ಳುತ್ತೇವೆ. ಬ್ಯಾಗ್ ಇಡುವ ಒಂದು ಕೋಣೆ ಮಾಡಿ ಅದಕ್ಕೂ ದುಡ್ಡು ತೆಗೆದುಕೊಳ್ಳಲಿ. ಮಧ್ಯಾಹ್ನ ಕೂರಲು ಜಾಗ ಸಿಕ್ಕರೆ ನಮ್ಮಂಥವರು ಸಂಜೆ ತನಕ ಆ ಊರಲ್ಲಿ ಉಳಿಯುತ್ತೇವೆ, ರಾತ್ರಿ ಊಟ ಅಲ್ಲೇ ಮಾಡುತ್ತೇವೆ, ಮೀನು ಮಸಾಲೆ, ಗೋಡಂಬಿ, ಹಪ್ಪಳ ಕಟ್ಟಿಸಿಕೊಳ್ಳುತ್ತೇವೆ. ಜಾಗ ಇಲ್ಲದಿದ್ದರೆ ಮಧ್ಯಾಹ್ನದ ಬಸ್ಸಿಗೇ ವಾಪಸ್. ವ್ಯಾಪಾರದವರು ಈ ಲೆಕ್ಕ ಒಂದು ಸಲ ಹಾಕಿ ನೋಡಲಿ.

ಕರಾವಳಿಯ ಪುರಸಭೆ, ನಗರಸಭೆಗಳಲ್ಲಿ ಈ ಪತ್ರ ಓದುವವರು ಯಾರಾದರೂ ಇದ್ದರೆ ನನ್ನ ಕೋರಿಕೆ ಇಷ್ಟೇ. ಹೊಸ ಪಾರ್ಕ್, ಹೊಸ ಗಿಡ ಎಲ್ಲ ನಿಧಾನಕ್ಕೆ ಆಗಲಿ. ದಸರಾ ರಜೆಗೆ ಮುಂಚೆ ಇರುವ ಪಾರ್ಕಿನ ಹಗಲಿನ ಬೀಗ ತೆಗೆಸಿ, ಒಳಗಿನ ಶೌಚಾಲಯದ ಬೀಗವನ್ನೂ ತೆಗೆಸಿ, ಆ ಸ್ಟೀಲ್ ಬೆಂಚುಗಳನ್ನು ಎತ್ತಿ ಯಾವುದಾದರೂ ಮರದ ಕೆಳಗೆ ಹಾಕಿಸಿ. ಮುಂದಿನ ಪ್ರವಾಸಕ್ಕೆ ಅತ್ತೆ ಈಗಲೇ ಮತ್ತೆ ಪುದುಚೇರಿ ಅನ್ನುತ್ತಿದ್ದಾರೆ. ನನಗೆ ನಮ್ಮ ಕಡಲಿಗೇ ಹೋಗುವ ಆಸೆ.

ಇಂತಿ,
ಹೊಲಿಗೆ ಅಂಗಡಿಯ ಒಬ್ಬ ಓದುಗರು,
ದಾವಣಗೆರೆ